ಅಘನಾಶಿನಿ ಅಳಿವೆಯ ದೋಣಿಯಾನ: ಇಳಿತದ ಹೊತ್ತು ನೋಡಿ ಹೊರಡಿ

ಗೋಕರ್ಣದ ಕಡೆ ಪ್ರವಾಸ ಬಂದವರು ಓಂ ಕಡಲತೀರ, ಮಿರ್ಜಾನ್ ಕೋಟೆ, ಯಾಣ ಎಂದು ಮೂರು ಹೆಸರು ಬರೆದುಕೊಂಡು ಸುತ್ತುತ್ತಾರೆ. ಈ ಮೂರರ ನಡುವೆಯೇ ಹರಡಿಕೊಂಡಿರುವ, ಅಘನಾಶಿನಿ ನದಿ ಕಡಲು ಸೇರುವ ಅಳಿವೆಯನ್ನು ಮಾತ್ರ ಹೆದ್ದಾರಿಯ ಸೇತುವೆಯ ಮೇಲಿಂದ ಒಮ್ಮೆ ಕಣ್ಣು ಹಾಯಿಸಿ ದಾಟಿಬಿಡುತ್ತಾರೆ. ಆ ಅಳಿವೆಯನ್ನು ಮೀನುಗಾರರ ದೋಣಿಯಲ್ಲಿ ಕುಳಿತು ನೋಡುವುದಕ್ಕೆ ಹೋದವರಿಗೆ ಏನು ದಕ್ಕುತ್ತದೆ, ಎಲ್ಲಿ ಕೊರತೆಯಾಗುತ್ತದೆ, ಕೊಟ್ಟ ಹಣಕ್ಕೂ ಕಳೆದ ಹೊತ್ತಿಗೂ ತಕ್ಕ ಫಲವಿದೆಯೇ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಉತ್ತರ ಕನ್ನಡದಲ್ಲಿ ಒಂದೇ ದಿನ ಉಳಿದಿದ್ದರೆ ಅದನ್ನು ಈ ಅಳಿವೆಗೆ ಕೊಡಬಹುದು. ಆದರೆ ಬೇಲಿ, ಟಿಕೆಟ್, ನೋಡತಕ್ಕ ಸ್ಥಳಗಳ ಪಟ್ಟಿ ಇರುವ ಅಭಯಾರಣ್ಯವನ್ನು ನಿರೀಕ್ಷಿಸಿ ಹೋಗುವವರಿಗೆ ಇದು ಹಿಡಿಸಲಾರದು. ಇದು ಜನ ದಿನವೂ ಇಳಿದು ದುಡಿಯುವ ಜಾಗ. ಆ ದುಡಿಮೆಯನ್ನು ನೋಡುವುದರಲ್ಲಿಯೇ ಇಲ್ಲಿನ ಮುಕ್ಕಾಲು ಪಾಲು ಸ್ವಾರಸ್ಯ ಅಡಗಿದೆ.

ಈ ಅಳಿವೆಯ 4801 ಹೆಕ್ಟೇರ್ ಪ್ರದೇಶವನ್ನು ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದ ಘೋಷಣೆ 2024ರ ಜನವರಿ 31ರಂದು ಹೊರಬಿತ್ತು. ರಂಗನತಿಟ್ಟು 2022ರಲ್ಲಿಯೇ ಆ ಪಟ್ಟಿಗೆ ಸೇರಿತ್ತು. ಅಘನಾಶಿನಿಯ ಜೊತೆಗೆ ಅಂಕಸಮುದ್ರ ಮತ್ತು ಮಾಗಡಿ ಕೆರೆಗಳೂ ಸೇರಿದವು. ಇವುಗಳಲ್ಲಿ ಉಪ್ಪುನೀರು ಸಿಹಿನೀರು ಕೂಡುವ ಅಳಿವೆ ಇದೊಂದೇ. 1971ರ ರಾಮ್ಸಾರ್ ಒಪ್ಪಂದವು ಜೌಗು ಪ್ರದೇಶಗಳನ್ನು ವಿವೇಕದಿಂದ ಬಳಸಬೇಕು ಎನ್ನುತ್ತದೆಯೇ ಹೊರತು ಜನರನ್ನು ಅಲ್ಲಿಂದ ಎಬ್ಬಿಸಬೇಕು ಎನ್ನುವುದಿಲ್ಲ. ಇಲ್ಲಿನ ಮಟ್ಟಿಗೆ ಅದು ಮುಖ್ಯವಾದ ಮಾತು. ಸರಕಾರದ ವಿವರಣೆಯ ಪ್ರಕಾರವೇ 6000ದಿಂದ 7500 ಕುಟುಂಬಗಳು ಮೀನು, ಏಡಿ, ಚಿಪ್ಪುಮೀನು, ಗಜನಿ ಎಂಬ ತಗ್ಗಿನ ಉಪ್ಪುನೀರು ಗದ್ದೆಗಳ ಬೇಸಾಯ ಮತ್ತು ಉಪ್ಪಿನ ಮೂಲಕ ಈ ಅಳಿವೆಯನ್ನು ನೆಚ್ಚಿಕೊಂಡಿವೆ. ತದಡಿ, ಸಾಣಿಕಟ್ಟಾ, ಹಿರೇಗುತ್ತಿ, ಮಿರ್ಜಾನ್, ದೀವಗಿ, ಮಾಣಿಕಟ್ಟಾ, ಅಘನಾಶಿನಿ ಎಂದು ಎರಡೂ ದಡದ ಊರುಗಳನ್ನು ಎಣಿಸುತ್ತ ಹೋದರೆ, ನಡುವಿನ ಐಗಳಕುರ್ವೆಯಂಥ ನಡುಗಡ್ಡೆಗಳನ್ನೂ ಸೇರಿಸಿ, ಈ ನೀರಿನ ಹಂಗಿಲ್ಲದ ಮನೆ ಸಿಗುವುದು ಕಷ್ಟ.

ಶಿರಸಿಯಿಂದ ಘಟ್ಟ ಇಳಿದು ಹೋಗುವ ನಮ್ಮಂಥವರಿಗೆ ಇದು ಬೇರೆಯವರ ಹೊಳೆಯೂ ಅಲ್ಲ. ಇದರ ಒಂದು ಸೆಲೆ ಮಂಜುಗುಣಿಯಲ್ಲಿದೆ. ಇನ್ನೊಂದು ಸೆಲೆಯಾದ ದೋಣಿಹಳ್ಳ ಶಿರಸಿ ಪೇಟೆಯ ಶಂಕರ ಹೊಂಡದಿಂದಲೇ ಹೊರಡುತ್ತದೆ. ಎರಡೂ ಕೂಡಿ ಕಾಡಿನ ಸಂದಿಯಲ್ಲಿ ಹರಿದು ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಯಾಣದ ಕಡೆಯಿಂದ ಬರುವ ಚಂಡಿಕಾ ಹೊಳೆಯನ್ನೂ ಸೇರಿಸಿಕೊಂಡು ಕಡಲಿಗೆ ಬರುವ ಈ ನದಿಗೆ ದಾರಿಯಲ್ಲೆಲ್ಲೂ ದೊಡ್ಡ ಅಣೆಕಟ್ಟಿಲ್ಲ. ಉತ್ತರಕ್ಕಿರುವ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ದಕ್ಷಿಣದ ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪೆಗಳಿವೆ. ವಿದ್ಯುದಾಗಾರದಿಂದ ಬೇಸಿಗೆಯಲ್ಲೂ ಬಿಡುಗಡೆಯಾಗುವ ಸಿಹಿನೀರಿನಿಂದಾಗಿ ಶರಾವತಿಯ ಅಳಿವೆ ವರ್ಷವಿಡೀ ಸಪ್ಪೆಯಾಗಿರುತ್ತದೆ. ಉಪ್ಪು ಬೇಡುವ ಚಿಪ್ಪುಜೀವಿಗಳು ಅಲ್ಲಿ ಕುಗ್ಗಿದವು. ಅಘನಾಶಿನಿಯಲ್ಲಿ ಮಳೆಗಾಲದ ಕೆಂಪುನೀರು ಉಪ್ಪನ್ನು ಕಡಲಿಗೆ ತಳ್ಳುತ್ತದೆ, ಬೇಸಿಗೆಯಲ್ಲಿ ಕಡಲು ಮತ್ತೆ ಮೇಲೇರಿ ಬರುತ್ತದೆ. ಈ ವಾರ್ಷಿಕ ಏರಿಳಿತಕ್ಕೆ ಒಗ್ಗಿಕೊಂಡ ಜೀವಿಗಳೇ ಇಲ್ಲಿ ತುಂಬಿವೆ. ಹೊನ್ನಾವರದ ದೋಣಿಯಾನವನ್ನೂ ಇದನ್ನೂ ಹೋಲಿಸಿ ಕೇಳುವವರಿಗೆ ಹೇಳಬೇಕಾದ ಮೊದಲ ವ್ಯತ್ಯಾಸ ಇದೇ. ಸೌಕರ್ಯ ಹೊನ್ನಾವರದಲ್ಲಿ ಹೆಚ್ಚು, ಜೀವರಾಶಿ ಇಲ್ಲಿ ಹೆಚ್ಚು.

ಹೊರಡುವ ಮುನ್ನ ನೋಡಬೇಕಾದದ್ದು ಗಡಿಯಾರಕ್ಕಿಂತ ಪಂಚಾಂಗ. ಭರತದ, ಅಂದರೆ ಉಬ್ಬರದ, ಹೊತ್ತಿನಲ್ಲಿ ಹೋದರೆ ಅಗಲವಾದ, ಚೆಂದದ, ಸುಮ್ಮನೆ ಹೊಳೆಯುವ ನೀರಷ್ಟೇ ಕಾಣುತ್ತದೆ. ನಾಲ್ಕು ಫೋಟೊ ತೆಗೆದು ಮರಳಬಹುದು. ಇಳಿತಕ್ಕೆ ಒಂದೆರಡು ತಾಸು ಮೊದಲು ದೋಣಿ ಹತ್ತಿದರೆ ಮಾತ್ರ ಕೆಸರಿನ ದಿಬ್ಬಗಳು ಒಂದೊಂದಾಗಿ ಬೆನ್ನು ತೋರಿಸುವುದು, ಹಕ್ಕಿಗಳು ಅವುಗಳ ಮೇಲಿಳಿಯುವುದು, ಅವುಗಳ ಹಿಂದೆಯೇ ಬುಟ್ಟಿ ಹಿಡಿದ ಜನ ಇಳಿಯುವುದು ಎಲ್ಲವೂ ಕಾಣುತ್ತವೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಳಿತ ಜೋರಾಗಿರುತ್ತದೆ; ಅಷ್ಟಮಿಯ ಸುತ್ತ ನೀರು ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ದಿನದಿಂದ ದಿನಕ್ಕೆ ಇಳಿತದ ಹೊತ್ತು ಸುಮಾರು ಮುಕ್ಕಾಲು ತಾಸಿಗಿಂತ ತುಸು ಹೆಚ್ಚು ಮುಂದಕ್ಕೆ ಹೋಗುವುದರಿಂದ, ಕಳೆದ ವಾರ ಹೋಗಿಬಂದವರು ಹೇಳಿದ ಸಮಯವನ್ನು ನಂಬಿ ಹೊರಡಬಾರದು. ದೋಣಿಯವರಿಗೆ ಹಿಂದಿನ ದಿನ ಫೋನು ಮಾಡಿ ಕೇಳಿದರೆ ಅವರು ತಿಥಿ ಎಣಿಸಿ ಹೊತ್ತು ಹೇಳುತ್ತಾರೆ, ಅದು ತಪ್ಪುವುದಿಲ್ಲ.

ನಾವು ಹತ್ತಿದ್ದು ಹಿಂಬದಿಗೆ ಯಂತ್ರ ಕಟ್ಟಿದ, ಐದಾರು ಜನ ಕೂರಬಹುದಾದ ಮೀನುಗಾರಿಕೆಯ ದೋಣಿ. ಕೂರಲು ಅಡ್ಡಹಲಗೆ, ನೆರಳಿಗೆ ಏನೂ ಇಲ್ಲ. ನಡೆಸುವವರು ಇದೇ ಹೊಳೆಯಲ್ಲಿ ಬಲೆ ಬೀಸಿ ಬದುಕಿದ ಹಿರಿಯರು. ಪ್ರವಾಸಿಗರಿಗೆ ಹೇಳುವ ಬಾಯಿಪಾಠದ ಮಾತು ಅವರಲ್ಲಿಲ್ಲ. ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ಮೌನ. ಒಂದು ದಿಬ್ಬದ ಬಳಿ ಯಂತ್ರ ನಿಲ್ಲಿಸಿ ಗಳು ಊರಿ, ‘ಭಟ್ರೆ, ಭರತ ಬಂದ್ಮೇಲೆ ಇದೆಲ್ಲ ಕಾಣೂದಿಲ್ಲ, ಈಗ್ಲೇ ನೋಡ್ಕಣಿ’ ಎಂದರು. ಆ ದಿಬ್ಬದ ಮೇಲೆ ಮಂಡಿಯವರೆಗೆ ಸೀರೆ ಎತ್ತಿಕಟ್ಟಿದ ನಾಲ್ಕೈದು ಹೆಂಗಸರು ಬೆಳಚು ಎಂಬ ಚಿಪ್ಪುಮೀನು ಆಯುತ್ತಿದ್ದರು. ಒಬ್ಬರು ಹತ್ತಿರ ಕರೆದು ತೋರಿಸಿದ ಮೇಲೆಯೇ ನನಗೆ ಕೆಸರಿನ ಮೇಲಿನ ಆ ಗುರುತು ಕಂಡದ್ದು: ಪಕ್ಕಪಕ್ಕದಲ್ಲಿ ಎರಡು ಪುಟ್ಟ ತೂತುಗಳು, ಕಾಲಿಟ್ಟರೆ ಅವುಗಳಿಂದ ಚಿಮ್ಮುವ ಒಂದು ಹನಿ ನೀರು. ಹೂತುಕೊಂಡ ಚಿಪ್ಪಿನೊಳಗಿನ ಜೀವ ನೀರನ್ನು ಒಳಗೆಳೆದು ಹೊರಬಿಡುವ ಕೊಳವೆಗಳ ಬಾಯಿ ಅವು. ಅವರು ಎರಡು ಬೆರಳು ಇಳಿಸಿ ಒಂದು ತಿರುವಿನಲ್ಲಿ ಚಿಪ್ಪನ್ನು ಎತ್ತಿದರು, ಸಣ್ಣದೆಂದು ಕಂಡದ್ದನ್ನು ಅಲ್ಲಿಯೇ ಒತ್ತಿ ಮುಚ್ಚಿದರು. ‘ಸಣ್ಣದು ತಕಂಡ್ರೆ ಮುಂದ್ನ ವರ್ಷ ಏನು ತಕಂಬುದು?’ ಎಂದು ಕೇಳಿದ್ದು ನನ್ನನ್ನೋ ಪಕ್ಕದವರನ್ನೋ ತಿಳಿಯಲಿಲ್ಲ.

ಈ ದಿಬ್ಬಗಳಿಗೆ ಪಟ್ಟಾ ಇಲ್ಲ. ಭರತದಲ್ಲಿ ಇಲ್ಲದ, ಇಳಿತದಲ್ಲಿ ಇರುವ ನೆಲಕ್ಕೆ ಯಾರೂ ಬೇಲಿ ಹಾಕಿಲ್ಲ. ಯಾರ ಊರಿನವರು ಯಾವ ಕಡೆ ಇಳಿಯುವುದು ಎಂಬುದೆಲ್ಲ ರೂಢಿಯ ಮೇಲೆ ನಡೆಯುತ್ತದೆ. ಹೆಂಗಸರು ತೆಳುನೀರಿನಲ್ಲಿ ಆಯುತ್ತಾರೆ, ಗಂಡಸರು ಆಳದಲ್ಲಿ ಮುಳುಗಿ ತೆಗೆಯುತ್ತಾರೆ, ಬುಟ್ಟಿ ತುಂಬಿದ್ದು ಊರ ಪೇಟೆಗೂ ಗೋವೆಗೂ ಹೋಗುತ್ತದೆ. ಮರಳುಗಾರಿಕೆ ಹೆಚ್ಚಿದ ಕಡೆಗಳಲ್ಲಿ ಬೆಳಚು ಸಿಗುವುದೇ ಅಪರೂಪವಾಯಿತು ಎಂಬ ದೂರನ್ನೂ ಅಂದು ದೋಣಿಯಲ್ಲಿಯೇ ಕೇಳಿದೆವು.

ಕಲ್ಲು ಮಣ್ಣುಗಳಲ್ಲಿ ಆಸಕ್ತಿ ಇರುವವರು ದೋಣಿಯವರಿಗೆ ಮೊದಲೇ ಹೇಳಿ ಅಳಿವೆಯ ಬಾಯಿಯವರೆಗೆ ಹೋಗುವುದು ಒಳ್ಳೆಯದು. ದಕ್ಷಿಣ ದಡದಲ್ಲಿ ಅಘನಾಶಿನಿ ಊರಿನ ಗುಡ್ಡ ಕಡಲಿಗೆ ಚಾಚಿಕೊಂಡಿದೆ. ಅದರ ಮೈಯಲ್ಲಿ ಜಂಬಿಟ್ಟಿಗೆಯ ಪದರ ತೆರೆದುಕೊಂಡಿರುವುದು ನೀರಿನಿಂದಲೇ ಕಾಣುತ್ತದೆ. ವರ್ಷವರ್ಷವೂ ಸುರಿಯುವ ಭಾರೀ ಮಳೆ ಕಲ್ಲಿನೊಳಗಿನ ಸಿಲಿಕಾವನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶಗಳನ್ನು ಹಿಂದೆ ಬಿಟ್ಟಾಗ ಉಂಟಾದ ಕಲ್ಲು ಇದು. ನೆಲದೊಳಗಿದ್ದಾಗ ಕೊಡಲಿಯಂಥ ಆಯುಧಕ್ಕೆ ಸುಲಭವಾಗಿ ಸೀಳುತ್ತದೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಆ ಗುಣದಿಂದಲೇ ಇಲ್ಲಿಯ ಮನೆಗಳಿಂದ ಹಿಡಿದು ಮೇಲ್ದಂಡೆಯ ಮಿರ್ಜಾನ್ ಕೋಟೆಯವರೆಗೆ ಎಲ್ಲವೂ ಇದರಿಂದಲೇ ಎದ್ದಿವೆ. ಕೋಟೆಯ ಗೋಡೆಯ ಒದ್ದೆ ಮೂಲೆಗಳಲ್ಲಿ ಕಲ್ಲಿನ ತೂತುಗಳೊಳಗೆ ಪಾಚಿ ಬೆಳೆದಿರುವುದನ್ನು ನೋಡಿದವರಿಗೆ ಅದೇ ತೂತುಗಳು ಈ ಗುಡ್ಡದ ಮೈಮೇಲೂ ಗುರುತು ಸಿಗುತ್ತವೆ.

ಅಳಿವೆಯ ಆಕಾರಕ್ಕೆ ಕಾರಣ ಇನ್ನೂ ಹಳೆಯದು. ಕಳೆದ ಹಿಮಯುಗದಲ್ಲಿ ಕಡಲ ಮಟ್ಟ ಈಗಿನದಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗಿತ್ತು. ನದಿಗಳು ತಮ್ಮ ಕಣಿವೆಗಳನ್ನು ಆಳಕ್ಕೆ ಕೊರೆದುಕೊಂಡು ಇನ್ನೂ ಪಶ್ಚಿಮದಲ್ಲೆಲ್ಲೋ ಕಡಲು ಸೇರುತ್ತಿದ್ದವು. ಹಿಮ ಕರಗಿ ಕಡಲು ಏರಿದಾಗ ಕಣಿವೆಯ ಬಾಯಿ ಮುಳುಗಿತು, ಘಟ್ಟದಿಂದ ಬಂದ ಹೂಳು ಅದನ್ನು ತುಂಬುತ್ತ ಬಂತು. ಸಿಹಿನೀರಿನಲ್ಲಿ ತೇಲಿಬರುವ ನುಣುಪು ಜೇಡಿಕಣಗಳು ಉಪ್ಪುನೀರು ತಾಗಿದೊಡನೆ ಒಂದಕ್ಕೊಂದು ಅಂಟಿ ಭಾರವಾಗಿ ತಳಕ್ಕಿಳಿಯುತ್ತವೆ. ನಾವು ದೋಣಿ ನಿಲ್ಲಿಸಿದ ದಿಬ್ಬಗಳು ಹೀಗೆ ಬೆಳೆದವು. ಅವುಗಳ ಕೆಳಗೆ ಸತ್ತ ಚಿಪ್ಪುಗಳ ಪದರಗಳಿವೆ. ಅವುಗಳನ್ನು ಅಗೆದು ಸುಣ್ಣಕ್ಕೂ ಕೋಳಿ ಆಹಾರಕ್ಕೂ ಬಳಸುತ್ತಾರೆ. ಮೇಲಿನ ಜೀವಂತ ಪದರವನ್ನು ಕೆದಕದೆ ಕೆಳಗಿನ ಸತ್ತ ಪದರವನ್ನು ಅಗೆಯುವುದು ಹೇಗೆ ಎಂಬ ಪ್ರಶ್ನೆಗೆ ನನಗೆ ತೃಪ್ತಿಕರವಾದ ಉತ್ತರ ಸಿಕ್ಕಿಲ್ಲ.

ಹಕ್ಕಿಗಳಿಗಾಗಿಯೇ ಹೋಗುವವರು ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಬೇಕು. ವಲಸೆ ಬಂದ ಗೊರವಗಳೂ ಕಡಲಹಕ್ಕಿಗಳೂ ದಿಬ್ಬದ ಅಂಚಿನಲ್ಲಿ ಸಾಲುಗಟ್ಟುತ್ತವೆ. ಹೊಳೆ ರೀವ ಮಾತ್ರ ಇಲ್ಲಿಯದೇ. ಈ ಅಳಿವೆಗೆ ಅಂತಾರಾಷ್ಟ್ರೀಯ ಮನ್ನಣೆ ಸಿಗಲು ಹೊಳೆ ರೀವದ ಸಂಖ್ಯೆಯೂ ಒಂದು ಕಾರಣ. ಹಳದಿ ಕೊಕ್ಕಿನ ಆ ಹಕ್ಕಿ ನೀರಿನ ಮೇಲೆ ತಲೆ ಬಗ್ಗಿಸಿಕೊಂಡೇ ಹಾರಿ, ಇದ್ದಕ್ಕಿದ್ದಂತೆ ರೆಕ್ಕೆ ಮಡಚಿ ಬೀಳುವುದನ್ನು ದೋಣಿಯ ಮಟ್ಟದಿಂದ ನೋಡಿದರೆ ದುರ್ಬೀನಿನ ಅಗತ್ಯವೇ ಬೀಳುವುದಿಲ್ಲ. ಗರುಡ, ಮಿಂಚುಳ್ಳಿ, ಬೆಳ್ಳಕ್ಕಿ, ನೀರುಕಾಗೆ ಎಲ್ಲ ಕಾಲದಲ್ಲೂ ಉಂಟು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಂದಿಯ ಸಣ್ಣ ಕೋಡಿಗಳಿಗೆ ದೋಣಿ ಹೊಕ್ಕಾಗ ಯಂತ್ರ ನಿಲ್ಲಿಸಿ ಗಳು ಹಾಕಿಸಿಕೊಳ್ಳಿ: ಕೆಸರಿನಿಂದ ಮೇಲೆದ್ದ ಉಸಿರುಬೇರುಗಳ ನಡುವೆ ಏಡಿಗಳ ಓಡಾಟ, ಕೆಸರಿನ ಮೇಲೆ ಕುಪ್ಪಳಿಸುವ ಮೀನು, ಅಲ್ಲಲ್ಲಿ ಬೇರಿಗೆ ಕಚ್ಚಿಕೊಂಡ ಕಲ್ಲುಚಿಪ್ಪು ಇವೆಲ್ಲ ಕಾಣುವುದು ಆ ಮೌನದಲ್ಲಿ ಮಾತ್ರ.

ಗಜನಿಯನ್ನು ನೋಡದೆ ಬಂದರೆ ಅರ್ಧ ನೋಡಿದಂತೆ. ಮಾಣಿಕಟ್ಟಾದ ಕಡೆ ದಡದ ಏರಿಯ ಮೇಲೆ ನಡೆದರೆ ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಹೊಳೆಗಿಂತ ತಗ್ಗಾದ ಗದ್ದೆಬಯಲು. ಉಪ್ಪನ್ನೂ ಮುಳುಗಡೆಯನ್ನೂ ತಾಳಿಕೊಳ್ಳುವ ಕಗ್ಗ ಎಂಬ ಎತ್ತರದ ಭತ್ತವನ್ನು ಮಳೆಗಾಲದಲ್ಲಿ ಇಲ್ಲಿ ಬೆಳೆಯುತ್ತಾರೆ. ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ಗೊಬ್ಬರವನ್ನು ನೆರೆಯ ಮೆಕ್ಕಲು ಕೊಡುತ್ತದೆ, ಕೀಟನಾಶಕದ ಮಾತೇ ಇಲ್ಲ. ಕೊಯ್ಲಾದ ಮೇಲೆ ತೂಬಿನ ಹಲಗೆ ಎತ್ತಿ ಭರತದ ನೀರನ್ನು ಒಳಗೆ ಬಿಡುತ್ತಾರೆ, ಕೊಳೆಯುವ ಕೂಳೆಯನ್ನು ತಿಂದು ಮೀನು, ಶೆಟ್ಲಿ (ಸಿಗಡಿ) ಬೆಳೆಯುತ್ತವೆ, ಇಳಿತಕ್ಕೆ ತೂಬಿನ ಬಾಯಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. ಏರಿ ಒಡೆದರೆ ಒಬ್ಬನ ಗದ್ದೆಗಷ್ಟೇ ಅಲ್ಲ, ಇಡೀ ಬಯಲಿಗೆ ಉಪ್ಪುನೀರು ನುಗ್ಗುವುದರಿಂದ, ಏರಿಯ ಕಾವಲೂ ದುರಸ್ತಿಯೂ ಊರೊಟ್ಟಿನ ಕೆಲಸವಾಗಿಯೇ ನಡೆದುಬಂದಿದೆ. ತೊಂಬತ್ತರ ದಶಕದಲ್ಲಿ ಸಿಗಡಿ ಕೃಷಿಯ ಆಸೆಗೆ ಬಹಳಷ್ಟು ಬಯಲು ಹೊಂಡವಾಯಿತು, ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಹೋಯಿತು. ಕಗ್ಗದ ಗದ್ದೆಗಳು ಅಂದಿನಿಂದ ಕುಗ್ಗಿವೆ. ಕೇರಳದವರು ಇದೇ ಜಾತಿಯ ಪೊಕ್ಕಾಳಿ ಅಕ್ಕಿಗೆ ಭೌಗೋಳಿಕ ಸೂಚಕದ ಗುರುತು ಪಡೆದು ಮಾರುವಾಗ, ನಮ್ಮ ಕಗ್ಗವನ್ನು ಕೊಳ್ಳಲು ಕುಮಟಾ ಪೇಟೆಯಲ್ಲಿ ನಾಲ್ಕು ಅಂಗಡಿ ಅಲೆಯಬೇಕಾಗಿ ಬಂದದ್ದು ಸಂಕಟದ ವಿಷಯ. ಕೊನೆಗೆ ಬೆಳೆದವರ ಮನೆಯಲ್ಲೇ ಸಿಕ್ಕಿತು. ದಪ್ಪ ಕಾಳು, ಬೇಯಲು ಹೊತ್ತು ಬೇಕು, ಅನ್ನಕ್ಕಿಂತ ಗಂಜಿಗೆ ಹೇಳಿಸಿದ್ದು. ಮಾವಿನಮಿಡಿ ಉಪ್ಪಿನಕಾಯಿಯ ಜೊತೆ ಒಮ್ಮೆ ಉಂಡವರು ಮತ್ತೆ ಕೇಳುತ್ತಾರೆ.

ಸಾಣಿಕಟ್ಟಾದ ಉಪ್ಪಿನಾಗರಗಳು ದಾರಿಯಲ್ಲೇ ಇವೆ. ಬೇಸಿಗೆಯಲ್ಲಿ ಹೋದರೆ ಬಿಳಿ ರಾಶಿಗಳನ್ನೂ ಹಲಗೆಯಿಂದ ಉಪ್ಪು ಎಳೆಯುವವರನ್ನೂ ನೋಡಬಹುದು. ಬೇರೆ ಕಾಲದಲ್ಲಿ ಅಲ್ಲಿ ಇಳಿಯುವ ಅಗತ್ಯವಿಲ್ಲ.

ಇನ್ನು ಕೊರತೆಗಳು. ಅಂತಾರಾಷ್ಟ್ರೀಯ ಮನ್ನಣೆ ಪಡೆದ ಜಾಗ ಇದೆಂದು ತಿಳಿಸುವ, ಏನನ್ನು ಮಾಡಬಾರದೆಂದು ಹೇಳುವ ಒಂದು ನೆಟ್ಟಗಿನ ಕನ್ನಡ ಫಲಕವೂ ನಾವು ದೋಣಿ ಹತ್ತಿದ ಕಡೆ ಇರಲಿಲ್ಲ. ದರಪಟ್ಟಿ ಇಲ್ಲ, ಗಂಟೆಯ ಲೆಕ್ಕದಲ್ಲಿ ಮಾತನಾಡಿ ಒಪ್ಪಿಕೊಳ್ಳಬೇಕು, ಇಡೀ ದೋಣಿಗೆ ಎಷ್ಟು, ತಲೆಗೆ ಎಷ್ಟು ಎಂಬುದನ್ನು ಹತ್ತುವ ಮೊದಲೇ ತೀರ್ಮಾನಿಸಿಕೊಳ್ಳುವುದು ಕ್ಷೇಮ. ಜೀವರಕ್ಷಕ ಅಂಗಿಗಳನ್ನು ಕೇಳಿದ ಮೇಲೆ ತಂದುಕೊಟ್ಟರು, ಅವುಗಳಲ್ಲಿ ಒಂದರ ಪಟ್ಟಿ ಹರಿದಿತ್ತು. ಶೌಚಾಲಯದ ವ್ಯವಸ್ಥೆಯನ್ನು ಮೊದಲೇ ಎಲ್ಲಾದರೂ ಮುಗಿಸಿಕೊಂಡು ಬರಬೇಕು. ಹೆಂಗಸರನ್ನೂ ಹಿರಿಯರನ್ನೂ ಕರೆದೊಯ್ಯುವವರಿಗೆ ಇದು ಸಣ್ಣ ಸಂಗತಿಯಲ್ಲ. ಕಾಂಡ್ಲಾ ಬೇರುಗಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಗಳ ಬಗ್ಗೆ ಹೊಳೆಯನ್ನೇ ದೂರಬೇಕಾಗಿಲ್ಲ, ಅವುಗಳಲ್ಲಿ ಶಿರಸಿಯಿಂದ ತೇಲಿಬಂದವೂ ಇದ್ದಾವು.

ಎಲ್ಲಕ್ಕಿಂತ ಹೆಚ್ಚು ಬೇಸರ ತಂದದ್ದು ಅಂದು ನಮ್ಮನ್ನು ಹಿಂದೆ ಹಾಕಿ ಹೋದ ಇನ್ನೊಂದು ದೋಣಿ. ಹಾಡು ಹಚ್ಚಿಕೊಂಡು ಬಂದ ಆ ಗುಂಪು ಫೋಟೊಗಾಗಿ ರೀವಗಳು ಕುಳಿತಿದ್ದ ದಿಬ್ಬಕ್ಕೆ ನೇರ ನುಗ್ಗಿಸಿತು. ಹಿಂಡೆಲ್ಲ ಎದ್ದು ಹೋಯಿತು, ಇಳಿತದ ಉಳಿದ ಹೊತ್ತಿನಲ್ಲಿ ಮರಳಿ ಬರಲಿಲ್ಲ. ಹಕ್ಕಿಗೆ ಮೇಯಲು ಸಿಗುವುದೇ ಆ ಕೆಲವು ತಾಸು. ಹೀಗೆ ಮಾಡಬಾರದೆಂದು ನಮ್ಮ ದೋಣಿಯ ಹಿರಿಯರು ಕೂಗಿ ಹೇಳಿದರೂ ಪ್ರಯೋಜನವಾಗಲಿಲ್ಲ. ದೋಣಿ ನಡೆಸುವ ಎಲ್ಲರೂ ಸೇರಿ, ದಿಬ್ಬದಿಂದ ಇಷ್ಟು ದೂರ ನಿಲ್ಲಬೇಕು, ಕೋಡಿಯೊಳಗೆ ಯಂತ್ರ ಬೇಡ, ಹಾಡು ಬೇಡ ಎಂಬ ಮೂರು ನಿಯಮಗಳನ್ನು ತಾವೇ ಮಾಡಿಕೊಂಡರೂ ಸಾಕು. ಗಜನಿಯ ಏರಿ ಕಾಯುವ ಊರುಗಳಿಗೆ ಒಟ್ಟಾಗಿ ನಿಯಮ ಮಾಡುವುದು ಹೊಸದೇನಲ್ಲ. ಒಮ್ಮೆ ತದಡಿಗೆ ಬರಲಿದ್ದ 4000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವನ್ನು ವಿರೋಧಿಸಿ ನಿಂತ ಜನ ಇವರು, ಆ ಯೋಜನೆ ಕೈಬಿಟ್ಟು ಹೋಯಿತು. ಪ್ರವಾಸಿ ದೋಣಿಗಳ ಹಾಡು ನಿಲ್ಲಿಸುವುದು ಅದಕ್ಕಿಂತ ಕಷ್ಟವಾಗಲಾರದು.

ಊಟದ ಬಗ್ಗೆ ನಾನು ಹೇಳುವುದಕ್ಕೆ ಹೆಚ್ಚೇನಿಲ್ಲ. ಸಸ್ಯಾಹಾರಿಗಳಿಗೆ ದಡದ ಸಣ್ಣ ಹೋಟೆಲುಗಳಲ್ಲಿ ಅನ್ನ, ಸಾರು, ಪಲ್ಯ ಸಿಗುತ್ತದೆ, ಅಷ್ಟೇ. ಜೊತೆಗಿದ್ದ ಗೆಳೆಯರು ಬೆಳಚಿನ ಸುಕ್ಕಾವನ್ನು ಎರಡು ಸಲ ಬಡಿಸಿಕೊಂಡರು. ಮರಳು ಸ್ವಲ್ಪವೂ ಹಲ್ಲಿಗೆ ಸಿಗಲಿಲ್ಲವೆಂದು ಹೊಗಳಿದರು. ರಾತ್ರಿಯಿಡೀ ನೀರಿನಲ್ಲಿಟ್ಟು ಮರಳು ಉಗುಳಿಸಿದ ಮೇಲೆಯೇ ಬೇಯಿಸುತ್ತಾರಂತೆ.

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ರೈಲಿನಲ್ಲಿ ಬರುವವರು ಕುಮಟಾದಲ್ಲಿಯೋ ಮಿರ್ಜಾನಿನಲ್ಲಿಯೋ ಇಳಿಯಬಹುದು, ಆದರೆ ಮಿರ್ಜಾನಿನಲ್ಲಿ ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ. ಗೋಕರ್ಣದಲ್ಲಿ ಉಳಿದುಕೊಂಡವರಿಗೆ ತದಡಿ ಹತ್ತಿರ. ಅಲ್ಲಿಂದ ಆಚೆ ದಡದ ಅಘನಾಶಿನಿ ಊರಿಗೆ ದಾಟಿಸುವ ದೋಣಿಯಲ್ಲಿ ಊರ ಜನರೊಡನೆ ಕುಳಿತು ಹೋದರೆ ಅತಿ ಕಡಿಮೆ ಖರ್ಚಿನಲ್ಲಿ ಅಳಿವೆಯ ಬಾಯಿಯನ್ನು ನೋಡಿದಂತಾಗುತ್ತದೆ. ಪೂರ್ತಿ ದೋಣಿ ಬಾಡಿಗೆಗೆ ಹಿಡಿಯಲು ಮನಸ್ಸಿಲ್ಲದವರಿಗೆ ನನ್ನ ಸಲಹೆ ಅದೇ. ಜೂನಿನಿಂದ ಸೆಪ್ಟೆಂಬರಿನವರೆಗೆ ಹೊಳೆ ಇಳಿಯುವ ಯೋಚನೆ ಬೇಡ, ಆಗ ಗಜನಿಯ ಏರಿಯ ಮೇಲೆ ನಿಂತು ಕಗ್ಗ ನೋಡಬಹುದು. ಮಾರ್ಚಿನ ನಂತರ ಬಿಸಿಲಿಗೆ ಟೋಪಿ, ಕುಡಿಯಲು ನೀರು, ಕೆಸರಿಗೆ ಇಳಿಯುವ ಇಚ್ಛೆಯಿದ್ದರೆ ಕಾಲಿಗೆ ಗಟ್ಟಿಯಾಗಿ ಕೂರುವ ಹಳೆಯ ಚಪ್ಪಲಿ ಇರಲಿ: ಕೆಸರಿನೊಳಗಿನ ಚಿಪ್ಪಿನ ಅಂಚು ಬ್ಲೇಡಿನಷ್ಟೇ ಹರಿತ. ಅಕ್ಕಿ ಬೇಕಾದವರು ಕೊಯ್ಲು ಮುಗಿದ ತಿಂಗಳಲ್ಲಿ ಹೋಗಿ, ದೋಣಿಯವರನ್ನೇ ಕೇಳಿ. ಯಾರ ಮನೆಯಲ್ಲಿ ಆ ವರ್ಷ ಕಗ್ಗ ಉಳಿದಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.